ಶ್ರೀಲಂಕಾ: ಪ್ರವಾಸದ ಸೆಳೆತ ಮತ್ತು ಆರ್ಥಿಕ ಮುನ್ನೋಟ

ಭಾರತದ ದಕ್ಷಿಣ ತುದಿಯ ಆಗ್ನೇಯಕ್ಕೆ, ಹಿಂದೂ ಮಹಾಸಾಗರದಲ್ಲಿರುವ ದ್ವೀಪರಾಷ್ಟ್ರ. ಪಾಕ್ ಜಲಸಂಧಿ ಮತ್ತು ಮನ್ನಾರ್ ಕೊಲ್ಲಿ ಇದನ್ನು ತಮಿಳುನಾಡಿನಿಂದ ಬೇರ್ಪಡಿಸಿವೆ. ಧನುಷ್ಕೋಟಿಗೂ ತಲೈಮನ್ನಾರಿಗೂ ನಡುವಣ ಅಂತರ ಸುಮಾರು 30 ಕಿಮೀ ಮಾತ್ರ. ವಿಸ್ತೀರ್ಣ 65,610 ಚದರ ಕಿಮೀ. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಜನಸಂಖ್ಯೆ ಸುಮಾರು 2.18 ಕೋಟಿ (2024). ಶಾಸಕಾಂಗದ ರಾಜಧಾನಿ ಶ್ರೀ ಜಯವರ್ಧನಪುರ ಕೋಟ್ಟೆ, ವಾಣಿಜ್ಯ ರಾಜಧಾನಿ ಕೊಲಂಬೊ. 1948ರ ಫೆಬ್ರವರಿ 4ರಂದು ಬ್ರಿಟಿಷರಿಂದ ಸ್ವತಂತ್ರವಾದ ಈ ದೇಶ 1972ರಲ್ಲಿ ಗಣರಾಜ್ಯವಾಗಿ, ಸಿಲೋನ್ ಎಂಬ ಹೆಸರನ್ನು ಬಿಟ್ಟು ಶ್ರೀಲಂಕಾ ಆಯಿತು.

ಏಷ್ಯಾದ ಹೆಸರಾಂತ ಪ್ರವಾಸಿ ದೇಶಗಳಲ್ಲಿ ಶ್ರೀಲಂಕಾ ಒಂದು. ಎರಡು ಸಾವಿರ ವರ್ಷ ಹಳೆಯ ಬೌದ್ಧ ನಗರಗಳು, ಚಹಾ ಬೆಳೆಯುವ ಮಲೆಗಳು, ಚಿರತೆ ಮತ್ತು ಆನೆಗಳ ಕಾಡು, ಮರಳಿನ ಕಡಲತೀರ, ಇವೆಲ್ಲ ಒಂದು ವಾರದ ಪ್ರಯಾಣದೊಳಗೆ ಕೈಗೆಟಕುವಷ್ಟು ಹತ್ತಿರದಲ್ಲಿವೆ. ಇದೇ ದೇಶ 2022ರಲ್ಲಿ ವಿದೇಶಿ ಸಾಲದ ಕಂತು ಕಟ್ಟಲಾಗದೆ ದಿವಾಳಿಯಾಯಿತು. ಅಲ್ಲಿಂದ ಎದ್ದು ನಿಲ್ಲುವುದರಲ್ಲಿ ಪ್ರವಾಸೋದ್ಯಮದ ಪಾತ್ರ ದೊಡ್ಡದು. ಆದರೆ ಪ್ರವಾಸಿಗರ ಸಂಖ್ಯೆ ಏರಿದ ಮಾತ್ರಕ್ಕೆ ದೇಶದ ಗಳಿಕೆ ಅದೇ ಪ್ರಮಾಣದಲ್ಲಿ ಏರಲಿಲ್ಲ. ಈ ದೇಶದ ನಾಳೆಯನ್ನು ಅಳೆಯಲು ಹೊರಟವರು ಮೊದಲು ನೋಡಬೇಕಾದದ್ದು ಈ ವ್ಯತ್ಯಾಸವನ್ನು.

ನೆಲ ಮತ್ತು ಋತುಮಾನ

ದ್ವೀಪದ ಮಧ್ಯ-ದಕ್ಷಿಣ ಭಾಗ ಎತ್ತರದ ಬೆಟ್ಟಸೀಮೆ. ಅತ್ಯುನ್ನತ ಶಿಖರ ಪಿದುರುತಲಗಲ, 2,524 ಮೀ. ಶ್ರೀಪಾದ ಬೆಟ್ಟ (2,243 ಮೀ) ಬೌದ್ಧರು, ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ನಾಲ್ವರಿಗೂ ಪವಿತ್ರ. ನೆತ್ತಿಯ ಬಂಡೆಯ ಮೇಲಿರುವ ಹೆಜ್ಜೆಗುರುತನ್ನು ಬುದ್ಧನದೆಂದೂ ಶಿವನದೆಂದೂ ಆದಮನದೆಂದೂ ಬೇರೆಬೇರೆಯವರು ನಂಬುತ್ತಾರೆ. ಈ ಬೆಟ್ಟಸೀಮೆಯಲ್ಲಿ ಹುಟ್ಟುವ ಮಹಾವೆಲಿ (335 ಕಿಮೀ) ದೇಶದ ಅತಿ ಉದ್ದದ ನದಿ. ಅದು ಪೂರ್ವ ಕರಾವಳಿಯ ತ್ರಿಕೋಣಮಲೆಯ ಬಳಿ ಸಮುದ್ರ ಸೇರುತ್ತದೆ.

ಇಲ್ಲಿ ಮಳೆ ಎರಡು ಕಂತಿನಲ್ಲಿ ಬರುತ್ತದೆ. ಮೇಯಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮುಂಗಾರು ಕೊಲಂಬೊ, ಗಾಲ್ ಮತ್ತು ಬೆಟ್ಟಗಳ ಪಶ್ಚಿಮ ಇಳಿಜಾರನ್ನು ತೋಯಿಸುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಈಶಾನ್ಯ ಮಾರುತ ಉತ್ತರಕ್ಕೂ ಪೂರ್ವಕ್ಕೂ ಮಳೆ ತರುತ್ತದೆ. ಭತ್ತದ ಎರಡು ಹಂಗಾಮುಗಳಾದ 'ಯಲ' ಮತ್ತು 'ಮಹಾ' ಈ ಮಳೆಗಳನ್ನು ಅನುಸರಿಸುತ್ತವೆ. ಪ್ರವಾಸದ ಹಂಗಾಮೂ ಹೀಗೆಯೇ ಎರಡಾಗಿ ಒಡೆದಿದೆ. ಡಿಸೆಂಬರಿನಿಂದ ಮಾರ್ಚಿನವರೆಗೆ ದಕ್ಷಿಣ ಮತ್ತು ಪಶ್ಚಿಮ ತೀರ ತಿಳಿಯಾಗಿದ್ದರೆ, ಏಪ್ರಿಲ್‌ನಿಂದ ಸೆಪ್ಟೆಂಬರಿನವರೆಗೆ ತ್ರಿಕೋಣಮಲೆ, ಅರುಗಮ್ ಕೊಲ್ಲಿಗಳಿರುವ ಪೂರ್ವ ತೀರ ತಿಳಿಯಾಗಿರುತ್ತದೆ. ಒಂದು ಕಡೆ ಕಡಲು ಕೆರಳಿದಾಗ ಇನ್ನೊಂದು ಕಡೆ ಶಾಂತವಾಗಿರುವುದರಿಂದ ವರ್ಷವಿಡೀ ಅತಿಥಿಗಳನ್ನು ಬರಮಾಡಿಕೊಳ್ಳುವ ಅನುಕೂಲ ಈ ದೇಶಕ್ಕಿದೆ. ಆದರೆ 1983ರಿಂದ 2009ರವರೆಗಿನ ಅಂತರ್ಯುದ್ಧದ ದಶಕಗಳಲ್ಲಿ ಪೂರ್ವ ತೀರ ಪ್ರವಾಸಿಗರಿಗೆ ಬಹುಮಟ್ಟಿಗೆ ಮುಚ್ಚಿಹೋಗಿತ್ತು. ಹೋಟೆಲುಗಳೂ ರಸ್ತೆಗಳೂ ನೈಋತ್ಯದಲ್ಲೇ ಗುಂಪುಗೂಡಿದ ಅಸಮತೋಲ ಇಂದಿಗೂ ಸರಿಹೋಗಿಲ್ಲ.

ಪ್ರಾಚೀನ ನಗರಗಳು

ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಶ್ರೀಲಂಕಾದ ಎಂಟು ತಾಣಗಳಿವೆ: ಅನುರಾಧಪುರ, ಪೊಲೊನ್ನರುವ, ಸಿಗಿರಿಯ (1982), ಕ್ಯಾಂಡಿ, ಗಾಲ್ ಕೋಟೆ, ಸಿಂಹರಾಜ ಅರಣ್ಯ (1988), ದಂಬುಲ್ಲ (1991) ಮತ್ತು ಮಧ್ಯ ಬೆಟ್ಟಸೀಮೆ (2010).

ಅನುರಾಧಪುರ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಸಿಂಹಳ ಅರಸರ ರಾಜಧಾನಿಯಾಗಿತ್ತು. ಕ್ರಿ.ಪೂ. 3ನೆಯ ಶತಮಾನದಲ್ಲಿ ಅಶೋಕನ ಮಗಳು ಸಂಘಮಿತ್ರೆ ಬೋಧಗಯೆಯಿಂದ ತಂದಳೆಂದು ನಂಬುವ ಬೋಧಿವೃಕ್ಷದ ಕೊಂಬೆ ಇಲ್ಲಿ ಮರವಾಗಿ ಬೆಳೆದು ನಿಂತಿದೆ. ಮಹಾಸೇನ ಅರಸನ ಕಾಲದಲ್ಲಿ ಆರಂಭವಾದ ಜೇತವನ ಸ್ತೂಪ ಕಟ್ಟಿದಾಗ ಸುಮಾರು 120 ಮೀ ಎತ್ತರವಿದ್ದು, ತನ್ನ ಕಾಲದಲ್ಲಿ ಜಗತ್ತಿನ ಅತಿ ಎತ್ತರದ ಕಟ್ಟಡಗಳ ಸಾಲಿನಲ್ಲಿತ್ತು. ಇಟ್ಟಿಗೆಯಿಂದಲೇ ಅಷ್ಟೆತ್ತರ ಕಟ್ಟಿದವರ ಜಾಣ್ಮೆ ಅದರ ಬುಡದಲ್ಲಿ ನಿಂತಾಗ ಅರಿವಾಗುತ್ತದೆ.

10ನೆಯ ಶತಮಾನದ ಕೊನೆಯಲ್ಲಿ ಚೋಳರ ದಾಳಿಯಿಂದ ಅನುರಾಧಪುರ ಬಿದ್ದಿತು. ಆಡಳಿತ ಕೇಂದ್ರ ಪೊಲೊನ್ನರುವಕ್ಕೆ ಸರಿಯಿತು. 12ನೆಯ ಶತಮಾನದಲ್ಲಿ ಆಳಿದ ಒಂದನೆಯ ಪರಾಕ್ರಮಬಾಹು ಇಲ್ಲಿ 'ಪರಾಕ್ರಮ ಸಮುದ್ರ' ಎಂಬ ಬೃಹತ್ ಕೆರೆಯನ್ನು ಕಟ್ಟಿಸಿದ. ಕೆರೆಯಿಂದ ಕೆರೆಗೆ ಕಾಲುವೆ ಹರಿಸಿ ಒಣ ಸೀಮೆಯಲ್ಲಿ ಭತ್ತ ಬೆಳೆದ ಈ ನೀರಾವರಿ ಪರಂಪರೆಯೇ ಪ್ರಾಚೀನ ಸಿಂಹಳ ನಾಗರಿಕತೆಯ ಬೆನ್ನೆಲುಬು. ಅನೇಕ ಕೆರೆಗಳು ಇಂದಿಗೂ ಗದ್ದೆಗೆ ನೀರುಣಿಸುತ್ತಿವೆ. ಪೊಲೊನ್ನರುವದ ಗಲ್ ವಿಹಾರದಲ್ಲಿ ಒಂದೇ ಬಂಡೆಯ ಮುಖದಲ್ಲಿ ಕಡೆದ ಬುದ್ಧನ ಪ್ರತಿಮೆಗಳಲ್ಲಿ ಸುಮಾರು 14 ಮೀ ಉದ್ದದ ಪರಿನಿರ್ವಾಣ ಬುದ್ಧ ಸಿಂಹಳ ಶಿಲ್ಪಕಲೆಯ ಶಿಖರವೆನಿಸಿದೆ.

ಬಯಲಿನ ನಡುವೆ ಥಟ್ಟನೆ ಮೇಲೆದ್ದ ಸಿಗಿರಿಯ ಬಂಡೆ ಈ ದೇಶದ ಗುರುತೇ ಆಗಿದೆ. 5ನೆಯ ಶತಮಾನದ ಉತ್ತರಾರ್ಧದಲ್ಲಿ ಒಂದನೆಯ ಕಾಶ್ಯಪ ಅದರ ನೆತ್ತಿಯ ಮೇಲೆ ಅರಮನೆ ಕಟ್ಟಿಸಿ, ಬುಡದಲ್ಲಿ ಕಾರಂಜಿಗಳ ಉದ್ಯಾನವನ್ನು ಹಾಸಿದ. ಬಂಡೆಯ ನಡುಭಾಗದಲ್ಲಿ ಅಪ್ಸರೆಯರಂತಿರುವ ಸ್ತ್ರೀಯರ ವರ್ಣಚಿತ್ರಗಳಿವೆ. ಅದರ ಬಳಿಯ ನುಣುಪಾದ 'ಕನ್ನಡಿ ಗೋಡೆ'ಯ ಮೇಲೆ ಶತಮಾನಗಳುದ್ದಕ್ಕೂ ಬಂದ ನೋಡುಗರು ಪದ್ಯಗಳನ್ನು ಗೀಚಿದ್ದಾರೆ. ಪುರಾತತ್ವಜ್ಞ ಸೇನರತ್ ಪರಣವಿತಾನ ಅಂಥ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಭಿಕ್ಷುಗಳು, ಸೈನಿಕರು, ಹೆಂಗಸರು ಬರೆದ ಈ ಸಾಲುಗಳು ಸಿಂಹಳ ಕಾವ್ಯದ ಅತ್ಯಂತ ಹಳೆಯ ಮಾದರಿಗಳಲ್ಲಿ ಸೇರುತ್ತವೆ. ನೋಡಲೆಂದೇ ದೂರದಿಂದ ಬರುವ ರೂಢಿ ಈ ನೆಲಕ್ಕೆ ಸಾವಿರ ವರ್ಷಕ್ಕೂ ಹಳೆಯದು ಎಂಬುದಕ್ಕೆ ಆ ಗೋಡೆ ಸಾಕ್ಷಿ.

ಕೊನೆಯ ಸ್ವತಂತ್ರ ಸಿಂಹಳ ರಾಜ್ಯದ ರಾಜಧಾನಿ ಕ್ಯಾಂಡಿ 1815ರಲ್ಲಿ ಬ್ರಿಟಿಷರ ವಶವಾಯಿತು. ಬುದ್ಧನ ದಂತಧಾತುವನ್ನು ಇಟ್ಟಿರುವ ದಳದಾ ಮಾಳಿಗಾವ ಇಲ್ಲಿದೆ. ಜುಲೈ-ಆಗಸ್ಟ್‌ನಲ್ಲಿ ನಡೆಯುವ ಎಸಳ ಪೆರಹರ ಮೆರವಣಿಗೆಯಲ್ಲಿ ಸಿಂಗರಿಸಿದ ಆನೆಗಳು, ಪಂಜಿನವರು, ಕ್ಯಾಂಡಿ ಶೈಲಿಯ ನರ್ತಕರು ರಾತ್ರಿಗಳುದ್ದಕ್ಕೂ ಬೀದಿ ತುಂಬುತ್ತಾರೆ. ದಕ್ಷಿಣದ ಗಾಲ್ ಕೋಟೆಯನ್ನು ಪೋರ್ಚುಗೀಸರು ಆರಂಭಿಸಿದರು, ಡಚ್ಚರು ವಿಸ್ತರಿಸಿದರು. ಅದರ ಗೋಡೆಯೊಳಗೆ ಜನ ಇಂದಿಗೂ ಸಂಸಾರ ಹೂಡಿದ್ದಾರೆ.

ಮಲೆ, ಕಡಲು, ಕಾಡು

19ನೆಯ ಶತಮಾನದ ನಡುಭಾಗದಲ್ಲಿ ಸಿಲೋನಿನ ಬೆಟ್ಟಗಳಲ್ಲಿ ಬೆಳೆಯುತ್ತಿದ್ದದ್ದು ಕಾಫಿ. 1869ರಿಂದ ಹಬ್ಬಿದ ಎಲೆ ತುಕ್ಕುರೋಗ ಆ ತೋಟಗಳನ್ನು ನಾಶಮಾಡಿತು. ಅದಕ್ಕೆ ಎರಡು ವರ್ಷ ಮೊದಲು ಸ್ಕಾಟ್ಲೆಂಡಿನ ಜೇಮ್ಸ್ ಟೇಲರ್ ಲೂಲೆಕಂದೆರ ತೋಟದಲ್ಲಿ 19 ಎಕರೆ ಚಹಾ ನೆಟ್ಟಿದ್ದ. ಕಾಫಿ ಕೈಬಿಟ್ಟಾಗ ತೋಟಗಾರರು ಆ ದಾರಿ ಹಿಡಿದರು. ನುವರ ಎಳಿಯ, ಹ್ಯಾಟನ್ ಮತ್ತು 'ಎಲ್ಲ' ಎಂಬ ಊರುಗಳ ಸುತ್ತ ಗುಡ್ಡ ಗುಡ್ಡಕ್ಕೂ ಹಬ್ಬಿರುವ ಹಸಿರು ಹೀಗೆ ಬಂದದ್ದು. ಕ್ಯಾಂಡಿಯಿಂದ 'ಎಲ್ಲ' ಊರಿನ ಕಡೆಗೆ ಸಾಗುವ ರೈಲು, ದೆಮೋದರದ ಬಳಿ 1921ರಲ್ಲಿ ಮುಗಿದ ಒಂಬತ್ತು ಕಮಾನಿನ ಸೇತುವೆ ಜಗತ್ತಿನೆಲ್ಲೆಡೆಯ ಪ್ರವಾಸಿಗರನ್ನು ಸೆಳೆಯುತ್ತವೆ.

ಆ ಹಸಿರಿನ ಹಿಂದೆ ದುಡಿಮೆಯ ಕಠಿಣ ಚರಿತ್ರೆಯಿದೆ. ತೋಟಗಳಿಗಾಗಿ ಬ್ರಿಟಿಷರು ತಮಿಳುನಾಡಿನಿಂದ ಲಕ್ಷಾಂತರ ಕೂಲಿಗಳನ್ನು ಕರೆತಂದರು. 1948ರ ಪೌರತ್ವ ಕಾಯ್ದೆ ಅವರಲ್ಲಿ ಬಹುತೇಕರನ್ನು ಯಾವ ದೇಶಕ್ಕೂ ಸೇರದವರನ್ನಾಗಿಸಿತು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಂತೆ 5.25 ಲಕ್ಷ ಜನರನ್ನು ಭಾರತಕ್ಕೆ ಕಳಿಸುವುದೆಂದಾಯಿತು. ಹಾಗೆ ಬಂದ ಕುಟುಂಬಗಳಲ್ಲಿ ಕೆಲವಕ್ಕೆ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ತಾಲ್ಲೂಕುಗಳ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆ ದೊರೆಯಿತು. ಅವರ ಮಕ್ಕಳು ಮೊಮ್ಮಕ್ಕಳು ಇಂದು ಕನ್ನಡನಾಡಿನವರು. ಶ್ರೀಲಂಕಾದಲ್ಲೇ ಉಳಿದವರಿಗೆ ಪೂರ್ಣ ಪೌರತ್ವ ಸಿಗಲು ದಶಕಗಳೇ ಬೇಕಾದವು. ಕೊಡಗಿನ ಕಾಫಿ ತೋಟಗಳಲ್ಲಿರುವಂಥ ಲೈನ್‌ಮನೆಗಳಲ್ಲೇ ಅವರಲ್ಲಿ ಅನೇಕರ ಬದುಕು ಸಾಗಿದೆ. 2024ರ ಸೆಪ್ಟೆಂಬರಿನಲ್ಲಿ ನಿಗದಿಯಾದ ಅವರ ಮೂಲ ದಿನಗೂಲಿ 1,350 ಶ್ರೀಲಂಕಾ ರೂಪಾಯಿ ಆಗಿತ್ತು. ಅಂದಿನ ದರದಲ್ಲಿ ಸುಮಾರು ನಾಲ್ಕೂವರೆ ಡಾಲರ್.

ಕಡಲತೀರದ ತಾಣಗಳಲ್ಲಿ ಬೆಂತೋಟ, ಹಿಕ್ಕಡುವ, ಉನವಟುನ, ಮಿರಿಸ್ಸ ಹೆಸರಾಗಿವೆ. ಮಿರಿಸ್ಸದ ಆಚೆಯ ಆಳ ಸಮುದ್ರದಲ್ಲಿ ನೀಲಿ ತಿಮಿಂಗಿಲ ಕಾಣಸಿಗುತ್ತದೆ. ಅಲೆಯ ಮೇಲೆ ಹಲಗೆ ಜಾರಿಸುವವರಿಗೆ ಪೂರ್ವದ ಅರುಗಮ್ ಕೊಲ್ಲಿ ಪ್ರಿಯ. ಹುಲಿಯಿಲ್ಲದ ಈ ದ್ವೀಪದಲ್ಲಿ ಚಿರತೆಯೇ ಕಾಡಿನ ದೊಡ್ಡ ಬೇಟೆಗಾರ. ಅದನ್ನು ಕಾಣಲು ಜನ ಯಾಲ ಮತ್ತು ವಿಲ್ಪತ್ತು ರಾಷ್ಟ್ರೀಯ ಉದ್ಯಾನಗಳಿಗೆ ಹೋಗುತ್ತಾರೆ. ಒಣ ಋತುವಿನ ಕೊನೆಗೆ ಮಿನ್ನೇರಿಯ ಕೆರೆಯ ನೀರು ಇಳಿದಾಗ ಹೊಸ ಹುಲ್ಲಿಗಾಗಿ ನೂರಾರು ಆನೆಗಳು ಒಟ್ಟುಗೂಡುತ್ತವೆ. ಆದರೆ ಕಾಡಂಚಿನ ಬೇಸಾಯ ವಿಸ್ತರಿಸಿದಂತೆ ಆನೆ–ಮನುಷ್ಯರ ಸಂಘರ್ಷ ತೀವ್ರವಾಗಿದೆ. ಈಚಿನ ವರ್ಷಗಳಲ್ಲಿ ವರ್ಷಕ್ಕೆ 400ರ ಆಸುಪಾಸಿನಲ್ಲಿ ಆನೆಗಳು ಸಾಯುತ್ತಿವೆ. ಪ್ರವಾಸಿಗರನ್ನು ಕರೆತರುವ ಜೀವಿಯನ್ನೇ ಕಳೆದುಕೊಳ್ಳುವ ಈ ನಷ್ಟ ಯಾವ ಲೆಕ್ಕಪುಸ್ತಕದಲ್ಲೂ ನಮೂದಾಗುವುದಿಲ್ಲ.

ಊಟದಲ್ಲಿ ಕನ್ನಡಿಗರಿಗೆ ಪರಿಚಿತ ರುಚಿಗಳು ಹಲವು: ಹುದುಗಿಸಿದ ಅಕ್ಕಿಹಿಟ್ಟಿನ ಆಪ್ಪ, ಒತ್ತುಶಾವಿಗೆಯನ್ನು ಹೋಲುವ ಇಡಿಯಪ್ಪ, ಹಬ್ಬದ ದಿನದ ತೆಂಗಿನಹಾಲಿನ ಅನ್ನ 'ಕಿರಿಬತ್', ಕಾಯಿತುರಿಗೆ ಒಣಮೆಣಸು ಕೂಡಿಸಿ ಅರೆದ 'ಪೊಲ್ ಸಂಬೋಲ'. ನುವರ ಎಳಿಯದ ಸೀತಾ ಅಮ್ಮನ್ ಗುಡಿಯಂಥ ರಾಮಾಯಣದ ಕಥೆಯೊಂದಿಗೆ ಬೆಸೆದ ತಾಣಗಳು ಭಾರತೀಯ ಯಾತ್ರಿಕರನ್ನು ಸೆಳೆಯುತ್ತವೆ.

ಪ್ರವಾಸೋದ್ಯಮದ ಏಳುಬೀಳು

1966ರಲ್ಲಿ ಸಿಲೋನ್ ಪ್ರವಾಸಿ ಮಂಡಳಿ ಸ್ಥಾಪನೆಯಾದ ಮೇಲೆ ಪ್ರವಾಸೋದ್ಯಮಕ್ಕೆ ಯೋಜಿತ ರೂಪ ಬಂತು. ವಾಸ್ತುಶಿಲ್ಪಿ ಜೆಫ್ರಿ ಬಾವಾ ವಿನ್ಯಾಸಗೊಳಿಸಿದ ಬೆಂತೋಟದ ಕಡಲತೀರದ ಹೋಟೆಲು ಆ ದಶಕದ ಕೊನೆಗೆ ತೆರೆಯಿತು. ಒಳ ಅಂಗಳ, ಇಳಿಜಾರು ಹೆಂಚಿನ ಮಾಡು, ಗಾಳಿಗೆ ತೆರೆದ ಜಗಲಿಗಳನ್ನು ಬಳಸಿದ ಬಾವಾ ಶೈಲಿ ಉಷ್ಣವಲಯದ ಅತಿಥಿಗೃಹಗಳಿಗೆಲ್ಲ ಮಾದರಿಯಾಯಿತು. ದಂಬುಲ್ಲದ ಬಳಿ ಕೆರೆಯ ದಂಡೆಯ ಬಂಡೆಗೆ ಒರಗಿ, ಬಳ್ಳಿಗಳಿಂದ ಮುಚ್ಚಿಕೊಂಡಿರುವ ಕಂದಳಮ ಹೋಟೆಲು (1994) ಅವರ ಪ್ರಸಿದ್ಧ ಕೃತಿ.

1982ರಲ್ಲಿ ವಿದೇಶಿ ಪ್ರವಾಸಿಗರ ಸಂಖ್ಯೆ ನಾಲ್ಕು ಲಕ್ಷ ದಾಟಿತು. ಮರುವರ್ಷ ಜುಲೈಯಲ್ಲಿ ತಮಿಳರ ಮೇಲೆ ನಡೆದ ಹಿಂಸಾಚಾರದೊಂದಿಗೆ ಸರ್ಕಾರಕ್ಕೂ ತಮಿಳು ಬಂಡುಕೋರರಿಗೂ ನಡುವೆ ಅಂತರ್ಯುದ್ಧ ಆರಂಭವಾಯಿತು. 2002ರ ಕದನವಿರಾಮದಿಂದ ಸಂಖ್ಯೆ ಚೇತರಿಸಿಕೊಳ್ಳುತ್ತಿದ್ದಾಗ 2004ರ ಡಿಸೆಂಬರ್ 26ರ ಸುನಾಮಿ ಸುಮಾರು 35,000 ಜನರ ಪ್ರಾಣ ತೆಗೆಯಿತು. 2009ರ ಮೇಯಲ್ಲಿ ಯುದ್ಧ ಮುಗಿಯಿತು. ಆ ವರ್ಷ ಬಂದವರು 4.48 ಲಕ್ಷ. ಎಂದರೆ 27 ವರ್ಷಗಳ ಕೊನೆಗೂ ದೇಶ ಹೆಚ್ಚುಕಡಿಮೆ ಹೊರಟಲ್ಲೇ ನಿಂತಿತ್ತು.

ನಂತರದ ಏರಿಕೆ ವೇಗವಾಗಿತ್ತು. 2018ರಲ್ಲಿ 23.3 ಲಕ್ಷ ಪ್ರವಾಸಿಗರು ಬಂದರು. ಆದಾಯ ಸುಮಾರು 438 ಕೋಟಿ ಡಾಲರ್, ಒಟ್ಟು ದೇಶೀಯ ಉತ್ಪನ್ನದ ಶೇ. 5ರಷ್ಟು. ನೇರವಾಗಿಯೂ ಪರೋಕ್ಷವಾಗಿಯೂ ನಾಲ್ಕು ಲಕ್ಷದ ಹತ್ತಿರ ಜನ ಇದರಿಂದ ಜೀವನ ನಡೆಸುತ್ತಿದ್ದರು. 2019ರ ಏಪ್ರಿಲ್ 21ರ ಈಸ್ಟರ್ ಭಾನುವಾರ ಚರ್ಚುಗಳಲ್ಲೂ ಹೋಟೆಲುಗಳಲ್ಲೂ ನಡೆದ ಆತ್ಮಾಹುತಿ ಬಾಂಬ್ ದಾಳಿಗಳಲ್ಲಿ 260ಕ್ಕೂ ಹೆಚ್ಚು ಮಂದಿ ಸತ್ತರು. ಅದರ ಬೆನ್ನಿಗೇ ಕೋವಿಡ್ ಬಂತು. 2021ರಲ್ಲಿ ಬಂದವರು ಎರಡು ಲಕ್ಷಕ್ಕೂ ಕಡಿಮೆ.

ಅರ್ಥವ್ಯವಸ್ಥೆಯ ರಚನೆ

ಶ್ರೀಲಂಕಾದ ಅರ್ಥವ್ಯವಸ್ಥೆಗೆ ಒಂದು ಹಳೆಯ ಬೇನೆಯಿದೆ: ಕೊಳ್ಳುವಷ್ಟನ್ನು ಅದು ಮಾರುವುದಿಲ್ಲ. 2024ರಲ್ಲಿ ಸರಕುಗಳ ರಫ್ತು ಸುಮಾರು 1,280 ಕೋಟಿ ಡಾಲರ್ ಆಗಿದ್ದರೆ ಆಮದು ಸುಮಾರು 1,880 ಕೋಟಿ. ಈ 600 ಕೋಟಿಯ ಕಂದಕವನ್ನು ಮುಚ್ಚುವವು ಎರಡು: ಹೊರದೇಶಗಳಲ್ಲಿ, ವಿಶೇಷವಾಗಿ ಕೊಲ್ಲಿ ರಾಷ್ಟ್ರಗಳಲ್ಲಿ, ದುಡಿಯುವವರು ಮನೆಗೆ ಕಳಿಸುವ ಹಣ (2024ರಲ್ಲಿ ಸುಮಾರು 657 ಕೋಟಿ ಡಾಲರ್) ಮತ್ತು ಪ್ರವಾಸಿಗರು ತರುವ ಹಣ (ಸುಮಾರು 317 ಕೋಟಿ). ಪೆಟ್ರೋಲು, ಔಷಧ, ಗೋಧಿ, ಗೊಬ್ಬರ ಎಲ್ಲವೂ ಆಮದಾಗುವ ದೇಶದಲ್ಲಿ ಈ ಎರಡು ಹೊಳೆಗಳು ಬತ್ತಿದರೆ ಅಡುಗೆಮನೆಗೇ ಬಿಸಿ ತಟ್ಟುತ್ತದೆ.

ರಫ್ತಿನಲ್ಲಿ ಸಿದ್ಧ ಉಡುಪಿನದು ಸಿಂಹಪಾಲು, ಸುಮಾರು ಐದನೇ ಎರಡು ಭಾಗ. ಮುಖ್ಯ ಗಿರಾಕಿಗಳು ಅಮೆರಿಕ ಮತ್ತು ಯುರೋಪ್. ಚಹಾದ ಗಳಿಕೆ 2024ರಲ್ಲಿ ಸುಮಾರು 143 ಕೋಟಿ ಡಾಲರ್. ರಬ್ಬರು, ತೆಂಗಿನ ಉತ್ಪನ್ನಗಳು ಮತ್ತು ಅಪ್ಪಟ ದಾಲ್ಚಿನ್ನಿ ನಂತರದವು. ಪೋರ್ಚುಗೀಸರು 1505ರಲ್ಲಿ ಬಂದ ಮೇಲೆ ಮೂರು ಯುರೋಪಿಯನ್ ಶಕ್ತಿಗಳು ಈ ದ್ವೀಪಕ್ಕಾಗಿ ಕಾದಾಡಿದ್ದರಲ್ಲಿ ಆ ದಾಲ್ಚಿನ್ನಿಯ ಪಾಲು ದೊಡ್ಡದು. ಪೂರ್ವ–ಪಶ್ಚಿಮ ಹಡಗು ಮಾರ್ಗದ ಪಕ್ಕದಲ್ಲೇ ಇರುವ ಕೊಲಂಬೊ ಬಂದರು ದಕ್ಷಿಣ ಏಷ್ಯಾದ ಪ್ರಮುಖ ಸರಕು ವರ್ಗಾವಣೆ ಕೇಂದ್ರ. ಅಲ್ಲಿ ಹಡಗು ಬದಲಿಸುವ ಕಂಟೇನರುಗಳಲ್ಲಿ ಬಹುಪಾಲು ಭಾರತಕ್ಕೆ ಸಂಬಂಧಿಸಿದವು.

ಜನರ ಬದುಕಿನ ಮಟ್ಟದಲ್ಲಿ ಈ ದೇಶ ಬಹುಕಾಲದಿಂದ ನೆರೆಯವರಿಗಿಂತ ಮುಂದಿದೆ. 1940ರ ದಶಕದಲ್ಲಿ ಶಿಕ್ಷಣ ಮಂತ್ರಿ ಸಿ.ಡಬ್ಲ್ಯು.ಡಬ್ಲ್ಯು. ಕನ್ನಂಗರ ತಂದ ಉಚಿತ ಶಿಕ್ಷಣ ಮತ್ತು ಸರ್ಕಾರಿ ಆಸ್ಪತ್ರೆಗಳ ಜಾಲದಿಂದ ಸಾಕ್ಷರತೆ ಶೇ. 90 ದಾಟಿದೆ, ಸರಾಸರಿ ಆಯುಸ್ಸು 75 ವರ್ಷಕ್ಕೂ ಮೇಲೆ. ದಿವಾಳಿಯ ದಿನಗಳಲ್ಲೂ ಸಮಾಜವನ್ನು ಹಿಡಿದು ನಿಲ್ಲಿಸಿದ್ದು ಈ ಗಟ್ಟಿ ಅಡಿಪಾಯ.

2022ರ ದಿವಾಳಿ

ಯುದ್ಧಾನಂತರದ ಹೆದ್ದಾರಿ, ಬಂದರು, ವಿಮಾನ ನಿಲ್ದಾಣಗಳಿಗಾಗಿ ಸರ್ಕಾರ ಚೀನಾದಿಂದಲೂ ಅಂತರರಾಷ್ಟ್ರೀಯ ಬಾಂಡ್ ಮಾರುಕಟ್ಟೆಯಿಂದಲೂ ಧಾರಾಳವಾಗಿ ಸಾಲ ತಂದಿತು. ಅವುಗಳಲ್ಲಿ ಹಂಬನ್‌ತೋಟ ಬಂದರನ್ನು 2017ರಲ್ಲಿ ಚೀನಾದ ಕಂಪನಿಗೆ 99 ವರ್ಷಗಳ ಗುತ್ತಿಗೆಗೆ ಕೊಡಬೇಕಾಯಿತು. 2019ರ ಕೊನೆಯಲ್ಲಿ ಅಧಿಕಾರಕ್ಕೆ ಬಂದ ಗೋಟಬಯ ರಾಜಪಕ್ಸ ಸರ್ಕಾರ ಮೌಲ್ಯವರ್ಧಿತ ತೆರಿಗೆಯನ್ನು ಶೇ. 15ರಿಂದ ಶೇ. 8ಕ್ಕೆ ಇಳಿಸಿತು. ಬೊಕ್ಕಸ ಬರಿದಾಯಿತು. ಕೋವಿಡ್ ಪ್ರವಾಸದ ಡಾಲರುಗಳನ್ನು ನಿಲ್ಲಿಸಿತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಿದ್ದರಿಂದ ಭತ್ತ ಮತ್ತು ಚಹಾದ ಇಳುವರಿ ಕುಸಿಯಿತು.

2022ರ ಏಪ್ರಿಲ್ 12ರಂದು ಸರ್ಕಾರ ವಿದೇಶಿ ಸಾಲದ ಮರುಪಾವತಿಯನ್ನು ನಿಲ್ಲಿಸಿತು. ಸ್ವಾತಂತ್ರ್ಯಾನಂತರ ಹೀಗಾದದ್ದು ಅದೇ ಮೊದಲು. ಬಳಸಲು ಸಿಗುವ ವಿದೇಶಿ ವಿನಿಮಯ 5 ಕೋಟಿ ಡಾಲರಿಗೂ ಕೆಳಗಿಳಿದಿತ್ತು. ದಿನಕ್ಕೆ 13 ಗಂಟೆಯವರೆಗೆ ವಿದ್ಯುತ್ ಕಡಿತ, ಪೆಟ್ರೋಲಿಗಾಗಿ ದಿನಗಟ್ಟಲೆ ಸರದಿ, ಕಾಗದವಿಲ್ಲದೆ ಮುಂದೂಡಿದ ಶಾಲಾ ಪರೀಕ್ಷೆಗಳು: ಮಧ್ಯಮ ವರ್ಗವೂ ಹಸಿವಿನ ಅಂಚು ಕಂಡಿತು. ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಬೀಡುಬಿಟ್ಟ 'ಅರಗಲಯ' ಹೋರಾಟ ಜುಲೈಯಲ್ಲಿ ಅಧ್ಯಕ್ಷರು ದೇಶ ಬಿಟ್ಟು ಹೋಗಿ ರಾಜೀನಾಮೆ ಕೊಡುವವರೆಗೆ ನಿಲ್ಲಲಿಲ್ಲ. ಸೆಪ್ಟೆಂಬರಿನಲ್ಲಿ ಹಣದುಬ್ಬರ ಶೇ. 70ರ ಹತ್ತಿರ ಮುಟ್ಟಿತು. ಆ ವರ್ಷ ಭಾರತ ಸುಮಾರು 400 ಕೋಟಿ ಡಾಲರಿನ ನೆರವನ್ನು ಸಾಲ, ಇಂಧನ, ಔಷಧ, ಆಹಾರದ ರೂಪದಲ್ಲಿ ಒದಗಿಸಿತು.

ಚೇತರಿಕೆ

2023ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ನಾಲ್ಕು ವರ್ಷಗಳ ಅವಧಿಗೆ ಸುಮಾರು 300 ಕೋಟಿ ಡಾಲರಿನ ಸಾಲ ಮಂಜೂರು ಮಾಡಿತು. ಅದರ ಷರತ್ತಿನಂತೆ ತೆರಿಗೆ ಏರಿತು, ವಿದ್ಯುತ್ ಮತ್ತು ಇಂಧನ ದರಗಳು ವೆಚ್ಚಕ್ಕೆ ತಕ್ಕಂತೆ ಹೆಚ್ಚಿದವು. 2024ರ ಜನವರಿಯಿಂದ ಮೌಲ್ಯವರ್ಧಿತ ತೆರಿಗೆ ಶೇ. 18. ಎರಡು ವರ್ಷ ಕುಗ್ಗಿದ್ದ ಅರ್ಥವ್ಯವಸ್ಥೆ 2024ರಲ್ಲಿ ಶೇ. 5ರಷ್ಟು ಬೆಳೆಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದ ಅನುರ ಕುಮಾರ ದಿಸಾನಾಯಕ ನಿಧಿಯ ಕಾರ್ಯಕ್ರಮವನ್ನು ಮುಂದುವರಿಸಿದರು. ಡಿಸೆಂಬರಿನಲ್ಲಿ ಬಾಂಡ್‌ದಾರರೊಂದಿಗೆ ಸಾಲದ ಮರುಹೊಂದಾಣಿಕೆ ಮುಗಿಯಿತು.

ಪ್ರವಾಸಿಗರು 2023ರಲ್ಲಿ 14.9 ಲಕ್ಷ, 2024ರಲ್ಲಿ 20.5 ಲಕ್ಷ. 2025ರಲ್ಲಿ ಸಂಖ್ಯೆ 2018ರ ದಾಖಲೆಯನ್ನೂ ದಾಟಿತು. ಬರುವವರಲ್ಲಿ ಭಾರತೀಯರೇ ಮೊದಲಿಗರು, 2024ರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು. ಆ ವರ್ಷ ರಷ್ಯಾ, ಬ್ರಿಟನ್ ನಂತರದ ಸ್ಥಾನದಲ್ಲಿದ್ದವು. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನಗಳಿವೆ. ನಾಗಪಟ್ಟಣಂ ಮತ್ತು ಉತ್ತರದ ಕಂಕೆಸಂತುರೈ ನಡುವೆ 2023ರಲ್ಲಿ ಪ್ರಯಾಣಿಕರ ಹಡಗು ಸೇವೆ ಆರಂಭವಾಯಿತು. 2024ರ ಫೆಬ್ರವರಿಯಿಂದ ಭಾರತದ ಯುಪಿಐ ಪಾವತಿ ಅಲ್ಲಿಯೂ ನಡೆಯುತ್ತದೆ.

ಮುನ್ನೋಟ

ಸಂಖ್ಯೆಗಳ ಹಿಂದಿನ ಲೆಕ್ಕ ಅಷ್ಟು ಸಮಾಧಾನದ್ದಲ್ಲ. 2018ರಲ್ಲಿ ಒಬ್ಬ ಪ್ರವಾಸಿಯಿಂದ ಸರಾಸರಿ 1,880 ಡಾಲರ್ ಬಂದಿದ್ದರೆ 2024ರಲ್ಲಿ ಬಂದದ್ದು ಸುಮಾರು 1,540. 2025ರಲ್ಲಿ ಜನ ದಾಖಲೆ ಮೀರಿ ಬಂದರೂ ಒಟ್ಟು ಆದಾಯ 2018ರ ಮಟ್ಟ ಮುಟ್ಟಲಿಲ್ಲ. ಯಾಲದಲ್ಲಿ ಒಂದು ಚಿರತೆಯ ಸುತ್ತ ಸಾಲುಗಟ್ಟುವ ಜೀಪುಗಳಾಗಲಿ, 'ಎಲ್ಲ' ಊರಿನ ಬೆಟ್ಟದಂಚಿನಲ್ಲಿ ಏಳುತ್ತಿರುವ ಕಟ್ಟಡಗಳಾಗಲಿ ಹೇಳುವುದು ಇದನ್ನೇ: ಹೊರೆ ಹೆಚ್ಚುತ್ತಿದೆ, ಅದಕ್ಕೆ ತಕ್ಕ ಪ್ರತಿಫಲ ಇಲ್ಲ. ಗಾಲ್ ಫೇಸ್‌ನಲ್ಲಿ 2024ರಲ್ಲಿ ತೆರೆದ ಐಟಿಸಿ ರತ್ನದೀಪದಂಥ ಐಷಾರಾಮಿ ಹೋಟೆಲುಗಳು ಹೆಚ್ಚು ಖರ್ಚುಮಾಡುವ ಅತಿಥಿಗಳನ್ನು ಗುರಿಯಾಗಿಸಿವೆ. ಆದರೆ ಜಾಫ್ನಾ, ತ್ರಿಕೋಣಮಲೆ, ಬಟ್ಟಿಕಲೋವಾಗಳಿಗೆ ಪ್ರವಾಸ ಹರಡಿ, ಅತಿಥಿ ಇನ್ನೆರಡು ದಿನ ಹೆಚ್ಚು ನಿಂತರೆ ಆ ಗಳಿಕೆ ಹೆಚ್ಚು ಕೈಗಳಿಗೆ ಸೇರುತ್ತದೆ. ಯುದ್ಧದಲ್ಲಿ ಅತಿ ಹೆಚ್ಚು ನೊಂದ ಈ ಸೀಮೆಗಳಿಗೆ ಅದು ಸಲ್ಲಬೇಕಾದ ಪಾಲೂ ಹೌದು.

ಎದುರಿರುವ ಸವಾಲುಗಳು ಸಣ್ಣವಲ್ಲ. ಸರ್ಕಾರದ ಸಾಲ ಇನ್ನೂ ಒಟ್ಟು ದೇಶೀಯ ಉತ್ಪನ್ನಕ್ಕೆ ಹೆಚ್ಚುಕಡಿಮೆ ಸಮನಾಗಿದೆ. 2032ರ ವೇಳೆಗೆ ಅದನ್ನು ಶೇ. 95ಕ್ಕಿಂತ ಕೆಳಗಿಳಿಸುವುದು ನಿಧಿಯ ಕಾರ್ಯಕ್ರಮದ ಗುರಿ. ಮುಂದೂಡಿದ ಅಸಲಿನ ಕಂತುಗಳು 2028ರಿಂದ ಮತ್ತೆ ಬರತೊಡಗುತ್ತವೆ. ವಿಶ್ವಬ್ಯಾಂಕಿನ ಅಂದಾಜಿನಂತೆ 2024ರಲ್ಲಿ ಜನಸಂಖ್ಯೆಯ ಕಾಲುಭಾಗದಷ್ಟು ಬಡತನದಲ್ಲಿತ್ತು. ಬಿಕ್ಕಟ್ಟಿಗೆ ಮೊದಲಿನ ಪ್ರಮಾಣದ ಸುಮಾರು ಎರಡರಷ್ಟು ಇದು. 2022ರಿಂದ ಈಚೆಗೆ ವರ್ಷಕ್ಕೆ ಮೂರು ಲಕ್ಷದ ಆಸುಪಾಸಿನಲ್ಲಿ ಜನ ದುಡಿಮೆಗಾಗಿ ಹೊರದೇಶಕ್ಕೆ ಹೋಗುತ್ತಿದ್ದಾರೆ. ಅವರಲ್ಲಿ ವೈದ್ಯರೂ ಎಂಜಿನಿಯರುಗಳೂ ಹೋಟೆಲಿನ ನುರಿತ ಕೆಲಸಗಾರರೂ ಇದ್ದಾರೆ. ದಕ್ಷಿಣ ಏಷ್ಯಾದಲ್ಲಿ ಬೇಗನೆ ವಯಸ್ಸಾಗುತ್ತಿರುವ ಸಮಾಜಕ್ಕೆ ಇದು ಇಮ್ಮಡಿ ನಷ್ಟ. ಉಡುಪಿನ ರಫ್ತಿನ ಮೇಲೆ 2025ರಲ್ಲಿ ಅಮೆರಿಕದ ಹೊಸ ಸುಂಕದ ಭಾರ ಬಿತ್ತು. 2025ರ ನವೆಂಬರ್ ಕೊನೆಯಲ್ಲಿ ಬೀಸಿದ 'ದಿತ್ವಾ' ಚಂಡಮಾರುತ 600ಕ್ಕೂ ಹೆಚ್ಚು ಮಂದಿಯನ್ನು ಬಲಿತೆಗೆದುಕೊಂಡು, ಬೆಟ್ಟಸೀಮೆಯ ರಸ್ತೆ ಮತ್ತು ರೈಲುಮಾರ್ಗಗಳನ್ನು ಕೊಚ್ಚಿಹಾಕಿತು. ಹವಾಮಾನದ ಅಪಾಯವನ್ನು ಬಜೆಟ್ಟಿನ ಹೊರಗಿಟ್ಟು ಯೋಜನೆ ಮಾಡುವ ಕಾಲ ಮುಗಿದಿದೆ.

ಅನುಕೂಲಗಳೂ ನಿಜವೇ. ವಿದ್ಯಾವಂತ ಜನ, ಹಡಗು ಮಾರ್ಗದ ಮೇಲಿನ ನೆಲೆ, ಮಗ್ಗುಲಲ್ಲೇ ಬೆಳೆಯುತ್ತಿರುವ ಭಾರತದ ಮಾರುಕಟ್ಟೆ, ರಕ್ತಪಾತವಿಲ್ಲದೆ ಮತದಾನದ ಮೂಲಕ ನಡೆದ ಅಧಿಕಾರ ಬದಲಾವಣೆ, ಇವು ದಿವಾಳಿಯಾದ ಎಲ್ಲ ದೇಶಗಳಿಗೂ ಸಿಗುವ ಆಸ್ತಿಯಲ್ಲ. ಪ್ರವಾಸೋದ್ಯಮ ಡಾಲರನ್ನು ಬೇಗ ತರುತ್ತದೆ. ಬಾಂಬು, ಸಾಂಕ್ರಾಮಿಕ, ಚಂಡಮಾರುತ ಯಾವುದಾದರೂ ಬಂದರೆ ಅಷ್ಟೇ ಬೇಗ ಕಳೆಯುತ್ತದೆ. ಆದ್ದರಿಂದ ಅದು ಅರ್ಥವ್ಯವಸ್ಥೆಯ ಒಂದು ಕಂಬವಾಗಬಹುದು, ಇಡೀ ಮಾಡನ್ನು ಹೊರಲಾರದು. ಶ್ರೀಲಂಕಾ ತೆರಿಗೆಯ ಶಿಸ್ತನ್ನು ಬಿಡದೆ, ರಫ್ತನ್ನು ಉಡುಪು ಮತ್ತು ಚಹಾದಿಂದಾಚೆಗೆ ವಿಸ್ತರಿಸಿದರೆ 2028ರ ನಂತರದ ಕಂತುಗಳನ್ನು ಸ್ವಂತ ಗಳಿಕೆಯಿಂದ ಕಟ್ಟಬಲ್ಲದು. ಆ ಗಳಿಕೆಯಲ್ಲಿ ಚಹಾ ಕೀಳುವವಳಿಗೂ ಕಾಡಂಚಿನ ರೈತನಿಗೂ ಪಾಲು ಸಿಕ್ಕಾಗ ಮಾತ್ರ ಈ ಚೇತರಿಕೆ ಪೂರ್ಣವಾಯಿತೆಂದು ಹೇಳಬಹುದು.